ಮಾತ್ರೆಯ ನುಡಿ, ಆಘಾತದ ನುಡಿ

ಪ್ರತಿಯೊಂದು ಭಾಷೆಗೂ ತನ್ನದೇ ಆದ ನಡಿಗೆಯುಂಟು. ನೇಗಿಲು ಹೂಡಿದ ಎತ್ತು ಹೆಜ್ಜೆ ಹೆಜ್ಜೆಗೂ ಭಾರವಿಟ್ಟು ಒಂದೇ ಗತಿಯಲ್ಲಿ ಸಾಗುತ್ತದೆ. ಓಡುವ ಕುದುರೆ ಒಂದು ಹೆಜ್ಜೆಯನ್ನು ಬಲವಾಗಿ ಊರಿ, ಉಳಿದವುಗಳನ್ನು ಹಗುರವಾಗಿ ತೇಲಿಸಿಕೊಂಡು ಹೋಗುತ್ತದೆ. ಎರಡೂ ನಡಿಗೆಗಳೇ, ಎರಡರಲ್ಲಿಯೂ ಕ್ರಮವಿದೆ. ಆದರೆ ಎತ್ತಿನ ನಡಿಗೆಯನ್ನು ಅರಿತವನು ಕುದುರೆಯ ಮೇಲೆ ಮೊದಲ ಸಲ ಕುಳಿತಾಗ ತಡವರಿಸುವುದು ಸಹಜ. ಕನ್ನಡವನ್ನು ತಾಯಿನುಡಿಯಾಗಿ ಉಳ್ಳವರು ಇಂಗ್ಲಿಷಿನ ಉದ್ದನೆಯ ಪದಗಳನ್ನು ನುಡಿಯುವಾಗ ಕಾಣುವ ತೊಡಕೂ ಇಂಥದೇ ಆಗಿದೆ.

ಗೋಕಾಕ, ಮೂಡಲಗಿ, ಹುಕ್ಕೇರಿ ಇವು ಬೆಳಗಾವಿ ಜಿಲ್ಲೆಯ ಮೂರು ತಾಲೂಕು ಕೇಂದ್ರಗಳು. ಈ ಊರುಗಳ ಯಾವುದೋ ಒಂದು ಶಾಲೆಯಲ್ಲಿ ವಿದ್ಯಾರ್ಥಿಯೊಬ್ಬನು ಇಂಗ್ಲಿಷ್ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದಾನೆಂದು ಭಾವಿಸೋಣ. 'ಉತ್ಸಾಹಪೂರ್ವಕವಾಗಿ' ಎಂಬ ಅರ್ಥದ ಕ್ರಿಯಾವಿಶೇಷಣವೊಂದು ಎದುರಾಗುತ್ತದೆ. ಅದನ್ನು ಕನ್ನಡ ಲಿಪಿಯಲ್ಲಿ 'ಎನ್‌ಥೂಸಿಯಾಸ್ಟಿಕಲಿ' ಎಂದು ಬರೆಯಬಹುದು. ಇ, ಎನ್, ಟಿ, ಎಚ್, ಯು, ಎಸ್, ಐ, ಎ, ಎಸ್, ಟಿ, ಐ, ಸಿ, ಎ, ಎಲ್, ಎಲ್, ವೈ ಎಂದು ಒಟ್ಟು 16 ಅಕ್ಷರಗಳು ಸಾಲಾಗಿ ನಿಂತಿವೆ. ವಿದ್ಯಾರ್ಥಿಯ ದನಿ ಅಲ್ಲಿ ನಿಲ್ಲುತ್ತದೆ. ಹಿಂದಿನ ಸಾಲಿನಲ್ಲಿ ಯಾರೋ ನಗುತ್ತಾರೆ. ಮುಂದೆ ಆತನು ಉದ್ದ ಪದ ಕಂಡಲ್ಲೆಲ್ಲ ದನಿ ತಗ್ಗಿಸಿ ನುಂಗಿಬಿಡುವುದನ್ನು ಕಲಿಯುತ್ತಾನೆ. ಪದವು ಅವನಿಗೆ ಶತ್ರುವಾಗುತ್ತದೆ. ಆದರೆ ಇಲ್ಲಿ ಕೊರತೆಯಿರುವುದು ಬುದ್ಧಿಯಲ್ಲಿಯೂ ಅಲ್ಲ, ನಾಲಗೆಯಲ್ಲಿಯೂ ಅಲ್ಲ. ಎರಡು ಭಾಷೆಗಳು ಪದವನ್ನು ಅಳೆಯುವ ಅಳತೆಗೋಲು ಬೇರೆ ಬೇರೆ ಎಂಬುದನ್ನು ಆತನಿಗೆ ಯಾರೂ ತಿಳಿಸಿಲ್ಲ, ಅಷ್ಟೆ.

ಮೊದಲು ಪದದ ತುಣುಕುಗಳನ್ನು ಗಮನಿಸಬೇಕು. ಒಂದು ಸ್ವರವನ್ನು ನಡುವೆ ಇರಿಸಿಕೊಂಡು, ಅದರ ಹಿಂದುಮುಂದಿನ ವ್ಯಂಜನಗಳೊಡನೆ ಒಂದೇ ಬೀಸಿನಲ್ಲಿ ನುಡಿಯಬಹುದಾದ ಭಾಗವನ್ನು ಇಂಗ್ಲಿಷಿನಲ್ಲಿ ಸಿಲಬಲ್ ಎಂದು ಕರೆಯುತ್ತಾರೆ. ಕನ್ನಡದಲ್ಲಿ ಅದನ್ನು ಉಚ್ಚಾರಾಂಶ ಎನ್ನಬಹುದು. ಛಂದಶ್ಶಾಸ್ತ್ರದಲ್ಲಿ ಇದಕ್ಕೆ ಅಕ್ಷರವೆಂದೇ ಹೆಸರು. ಆದರೆ ಬರೆಯುವ ಅಕ್ಷರ ಬೇರೆ, ನುಡಿಯುವ ಅಕ್ಷರ ಬೇರೆ. ಕಣ್ಣು ಕಾಣುವುದು ಮೊದಲನೆಯದನ್ನು. ಕಿವಿ ಕೇಳುವುದು ಎರಡನೆಯದನ್ನು.

ಕನ್ನಡವು ಈ ಉಚ್ಚಾರಾಂಶಗಳನ್ನು ಕಾಲದಿಂದ ಅಳೆಯುತ್ತದೆ. ಆ ಕಾಲದ ಅಳತೆಗೆ ಮಾತ್ರೆ ಎಂದು ಹೆಸರು. ಒಂದು ಮಾತ್ರೆಯ ಕಾಲವುಳ್ಳದ್ದು ಲಘು, ಎರಡು ಮಾತ್ರೆಗಳ ಕಾಲವುಳ್ಳದ್ದು ಗುರು. ದೀರ್ಘಸ್ವರವಿದ್ದರೆ, ಒತ್ತಕ್ಷರದ ಹಿಂದಿನದಾಗಿದ್ದರೆ, ಅನುಸ್ವಾರ ವಿಸರ್ಗಗಳಿಂದ ಕೂಡಿದ್ದರೆ, ಅಥವಾ ವ್ಯಂಜನದಲ್ಲಿ ಕೊನೆಗೊಂಡಿದ್ದರೆ ಅದು ಗುರುವಾಗುತ್ತದೆ. ಈ ಲೆಕ್ಕವು ಹೊಸತಲ್ಲ. ಸಾವಿರ ವರ್ಷಗಳಷ್ಟು ಹಿಂದೆಯೇ ಒಂದನೆಯ ನಾಗವರ್ಮನು 'ಛಂದೋಂಬುಧಿ'ಯಲ್ಲಿ ಕನ್ನಡದ ಛಂದಸ್ಸನ್ನು ಶಾಸ್ತ್ರವಾಗಿ ನಿರೂಪಿಸಿದನು. ಜರ್ಮನಿಯಿಂದ ಬಂದು ಕನ್ನಡದ ಸೇವೆಗೆ ಬಾಳನ್ನು ಮುಡಿಪಾಗಿಟ್ಟ ಕಿಟೆಲ್ ಅವರು ಆ ಗ್ರಂಥವನ್ನು 1875ರಲ್ಲಿ ಅಚ್ಚುಹಾಕಿಸಿದರು.

ಈ ಅಳತೆಯನ್ನು ಮೇಲಿನ ಮೂರು ಊರುಗಳ ಹೆಸರುಗಳಿಗೆ ಅನ್ವಯಿಸಿ ನೋಡಬಹುದು. 'ಗೋಕಾಕ' ಎಂಬಲ್ಲಿ ಗೋ ಗುರು, ಕಾ ಗುರು, ಕ ಲಘು. ಒಟ್ಟು 5 ಮಾತ್ರೆ. 'ಮೂಡಲಗಿ' ಎಂಬಲ್ಲಿ ಮೂ ಗುರು, ಉಳಿದ ಡ, ಲ, ಗಿ ಮೂರೂ ಲಘು. ಒಟ್ಟು 5 ಮಾತ್ರೆ. 'ಹುಕ್ಕೇರಿ' ಎಂಬಲ್ಲಿ ಒತ್ತಕ್ಷರದ ಹಿಂದಿರುವ ಹು ಗುರು, ಕ್ಕೇ ಗುರು, ರಿ ಲಘು. ಒಟ್ಟು 5 ಮಾತ್ರೆ. ಒಂದರಲ್ಲಿ ನಾಲ್ಕು ಉಚ್ಚಾರಾಂಶಗಳು, ಇನ್ನೆರಡರಲ್ಲಿ ಮೂರು ಮೂರು. ಆದರೂ ಮೂರೂ ಹೆಸರುಗಳು ತಕ್ಕಡಿಯಲ್ಲಿ ಸಮನಾಗಿ ತೂಗುತ್ತವೆ. ತುಣುಕುಗಳ ಸಂಖ್ಯೆಗಿಂತ ಅವು ಹಿಡಿಯುವ ಕಾಲವೇ ಕನ್ನಡಕ್ಕೆ ಮುಖ್ಯವೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಇವುಗಳಲ್ಲಿ ಹುಕ್ಕೇರಿಯು ಇನ್ನೊಂದು ಸಂಗತಿಯನ್ನೂ ಕಲಿಸುತ್ತದೆ. ಬರೆಯುವಾಗ ಅದು ಹು, ಕ್ಕೇ, ರಿ ಎಂದು ಒಡೆಯುತ್ತದೆ. ನುಡಿಯುವಾಗಲಾದರೋ ಹುಕ್, ಕೇ, ರಿ ಎಂದು ಒಡೆಯುತ್ತದೆ. ಮೊದಲ ಕಕಾರವು ಹಿಂದಿನ ಹುಕಾರಕ್ಕೆ ಬಾಗಿಲು ಹಾಕುತ್ತದೆ. ಎರಡನೆಯ ಕಕಾರವು ಮುಂದಿನ ಏಕಾರಕ್ಕೆ ಬಾಗಿಲು ತೆರೆಯುತ್ತದೆ. ಆ ಬಾಗಿಲ ಬಳಿ ನಾಲಗೆ ಒಂದು ಕ್ಷಣ ತಡೆಯುವುದರಿಂದಲೇ 'ಹು' ಗುರುವಾಗಿದೆ. ಈ ತಡೆಯುವಿಕೆ ಅಲಂಕಾರಕ್ಕಾಗಿ ಇರುವುದಲ್ಲ. ಹಳಿಯೂ ಹಳ್ಳಿಯೂ ಒಂದೇ ಅಲ್ಲ. ಕತೆಯೂ ಕತ್ತೆಯೂ ಒಂದೇ ಅಲ್ಲ. ಕರು ಎಂಬುದನ್ನು ಎಳೆದರೆ ಕಾರು ಆಗುತ್ತದೆ. ಕಾಲವನ್ನು ತಪ್ಪಿದರೆ ಕನ್ನಡದಲ್ಲಿ ಅರ್ಥವೇ ತಪ್ಪುತ್ತದೆ.

ಈಗ 'ಉತ್ಸಾಹಪೂರ್ವಕವಾಗಿ' ಎಂಬ ಕನ್ನಡದ ಪದವನ್ನೇ ತೆಗೆದುಕೊಳ್ಳೋಣ. ಇದೂ ಉದ್ದವಾದ ಕ್ರಿಯಾವಿಶೇಷಣವೇ. ಅರ್ಥದ ದೃಷ್ಟಿಯಿಂದ ಇದು ಉತ್ಸಾಹ, ಪೂರ್ವಕ, ಆಗಿ ಎಂದು ಮೂರು ಭಾಗವಾಗುತ್ತದೆ. ಪೂರ್ವಕ, ಆಗಿ ಎಂಬವುಗಳ ನಡುವೆ ವಕಾರಾಗಮ ಸಂಧಿಯಾಗಿದೆ. ಉಚ್ಚಾರದ ದೃಷ್ಟಿಯಿಂದ ಇದು ಉತ್, ಸಾ, ಹ, ಪೂರ್, ವ, ಕ, ವಾ, ಗಿ ಎಂದು 8 ಭಾಗವಾಗುತ್ತದೆ. ಮಾತ್ರೆಗಳು ಕ್ರಮವಾಗಿ 2, 2, 1, 2, 1, 1, 2, 1, ಒಟ್ಟು 12. ಇಷ್ಟು ಉದ್ದದ ಪದವನ್ನು ಒಂಬತ್ತನೆಯ ತರಗತಿಯ ವಿದ್ಯಾರ್ಥಿ ಉಸಿರು ಕಟ್ಟದೆ ಓದುತ್ತಾನೆ. ಏಕೆಂದರೆ ಪ್ರತಿಯೊಂದು ತುಣುಕಿಗೂ ಅದರ ಪಾಲಿನ ಕಾಲವನ್ನು ಕೊಡುತ್ತ ಹೋದರೆ ಸಾಕು. ಯಾವುದನ್ನೂ ಎತ್ತಬೇಕಾಗಿಲ್ಲ, ಯಾವುದನ್ನೂ ತುಳಿಯಬೇಕಾಗಿಲ್ಲ. ಕನ್ನಡ ಪದದ ಮೊದಲ ಉಚ್ಚಾರಾಂಶವು ತುಸು ಬಿಗಿಯಾಗಿ ಕೇಳಿಸುವುದುಂಟು. ಆದರೆ ಆ ಬಿಗಿಯಿಂದ ಅರ್ಥಭೇದವೇನೂ ಆಗುವುದಿಲ್ಲ.

ಇಂಗ್ಲಿಷಿನ ಪದಕ್ಕೆ ಮರಳಿದರೆ ಅಲ್ಲಿಯ ವ್ಯವಸ್ಥೆ ಬೇರೆಯೇ ಆಗಿ ತೋರುತ್ತದೆ. ಈ ಪದದ ಮೂಲ ಗ್ರೀಕ್ ಭಾಷೆಯಲ್ಲಿದೆ. ಒಳಗೆ ದೇವರು ತುಂಬಿರುವ ಸ್ಥಿತಿ ಎಂಬುದು ಅದರ ಮೂಲಾರ್ಥ. ಪದವನ್ನು ಸಾಲಿನ ಕೊನೆಯಲ್ಲಿ ಎಲ್ಲಿ ಮುರಿಯಬಹುದೆಂದು ತೋರಿಸುವ ನಿಘಂಟುಗಳು ಇದನ್ನು ಎನ್, ಥೂ, ಸಿ, ಆ್ಯಸ್, ಟಿ, ಕಲ್, ಲಿ ಎಂದು 7 ತುಂಡುಗಳನ್ನಾಗಿ ಮಾಡುತ್ತವೆ. ಇದು ಮುದ್ರಕನ ವಿಭಜನೆ. ನುಡಿಯುವವನ ವಿಭಜನೆಯಲ್ಲಿ ಇದು ಎನ್, ಥ್ಯೂ, ಜಿ, ಆ್ಯಸ್, ಟಿ, ಕ್ಲಿ ಎಂದು 6 ತುಂಡುಗಳು ಮಾತ್ರ. 'ಕಲ್' ಎಂಬುದರೊಳಗಿನ ಸ್ವರವು ಬರವಣಿಗೆಯಲ್ಲಿದೆ, ಮಾತಿನಲ್ಲಿ ಇಲ್ಲ. ಎರಡು ಎಲ್ ಅಕ್ಷರಗಳು ಬರವಣಿಗೆಯಲ್ಲಿವೆ, ಮಾತಿನಲ್ಲಿ ಒಂದೇ ಲಕಾರ. ಹುಕ್ಕೇರಿಯ ಕ್ಕಕಾರವನ್ನು ತಡೆದು ನುಡಿದು ರೂಢಿಯಾದ ನಾಲಗೆ ಇಲ್ಲಿಯೂ 'ಕಲ್ಲಿ' ಎಂದು ತಡೆಯಲು ಹೋಗುತ್ತದೆ. ಆದರೆ ಸರಳವಾದ ಇಂಗ್ಲಿಷ್ ಪದದ ಒಳಗೆ ಜೋಡಿಯಾಗಿ ಬರೆದ ವ್ಯಂಜನವು ಸಾಮಾನ್ಯವಾಗಿ ಒಂಟಿಯಾಗಿಯೇ ಉಚ್ಚರಿತವಾಗುತ್ತದೆ.

ಹೀಗೆ ಉಳಿದ ಆರು ತುಂಡುಗಳೂ ಸಮಾನವಲ್ಲ. ನಾಲ್ಕನೆಯದಾದ 'ಆ್ಯಸ್' ಎಂಬುದು ಪದದ ಶಿಖರ. ಅದನ್ನು ನುಡಿಯುವಾಗ ಉಸಿರಿನ ಬಲ ಹೆಚ್ಚುತ್ತದೆ, ದನಿ ಏರುತ್ತದೆ, ಸ್ವರ ತುಸು ನೀಳವಾಗುತ್ತದೆ. ಬಲ, ಏರಿಕೆ, ನೀಳತೆ ಈ ಮೂರೂ ಕೂಡಿ ಒಂದು ಉಚ್ಚಾರಾಂಶವನ್ನು ಉಳಿದವುಗಳಿಗಿಂತ ಎತ್ತಿ ತೋರಿಸುವುದಕ್ಕೆ ಆಘಾತವೆಂದು ಹೆಸರು. ಎರಡನೆಯದಾದ 'ಥ್ಯೂ' ಎಂಬುದರ ಮೇಲೆ ಕಿರಿದಾದ ಇನ್ನೊಂದು ಆಘಾತವಿದೆ. ಉಳಿದ ನಾಲ್ಕು ತುಂಡುಗಳು ಹಗುರ. ಪದವು ಮೊದಲು ಒಂದು ಸಣ್ಣ ದಿಬ್ಬವನ್ನು ಹತ್ತಿ, ಆಮೇಲೆ ದೊಡ್ಡ ಗುಡ್ಡವನ್ನು ಏರಿ, ಬಳಿಕ ಸರಸರನೆ ಇಳಿದುಬಿಡುತ್ತದೆ. ಗೋಕಾಕ ಜಲಪಾತದ ಬಳಿ ಘಟಪ್ರಭಾ ನದಿಯು ಬಂಡೆಗಳ ಮೇಲೆ ಹರಿದು ಬಂದು ಸುಮಾರು 52 ಮೀಟರ್ ಕೆಳಕ್ಕೆ ಧುಮುಕುವಂತೆ, ಈ ಪದದ ನಾದವೆಲ್ಲ ಒಂದು ಅಂಚಿಗೆ ಬಂದು ಅಲ್ಲಿಂದ ಧುಮುಕುತ್ತದೆ. ಆ ಅಂಚು ಎಲ್ಲಿದೆಯೆಂದು ಬಲ್ಲವನಿಗೆ ಪದ ಸುಲಭ.

ಅಂಚನ್ನು ಕಂಡುಹಿಡಿಯುವುದಕ್ಕೆ ಕೆಲವು ಗುರುತುಗಳಿವೆ. 'ಇಕ್' ಎಂದು ಮುಗಿಯುವ ಇಂಗ್ಲಿಷ್ ಪದಗಳಲ್ಲಿ ಆಘಾತವು ಸಾಮಾನ್ಯವಾಗಿ ಆ 'ಇಕ್'ಗೆ ಹಿಂದಿನ ಉಚ್ಚಾರಾಂಶದ ಮೇಲೆ ಬೀಳುತ್ತದೆ. ಎಲೆಕ್ಟ್ರಿಕ್ ಎಂಬಲ್ಲಿ 'ಲೆಕ್', ಮೆಕ್ಯಾನಿಕ್ ಎಂಬಲ್ಲಿ 'ಕ್ಯಾ', ಸೈಂಟಿಫಿಕ್ ಎಂಬಲ್ಲಿ 'ಟಿ' ಶಿಖರಗಳಾಗಿವೆ. ಅರಿತ್ಮೆಟಿಕ್ ಎಂಬ ನಾಮಪದ, ಪಾಲಿಟಿಕ್ಸ್ ಮುಂತಾದ ಕೆಲವು ಪದಗಳು ಮಾತ್ರ ಈ ನಿಯಮಕ್ಕೆ ಹೊರಗು. ಇಂಥ ಪದಗಳಿಗೆ 'ಲಿ' ಸೇರಿ ಕ್ರಿಯಾವಿಶೇಷಣವಾದಾಗ ಆಘಾತವು ಇದ್ದಲ್ಲಿಯೇ ಇರುತ್ತದೆ. 'ಲಿ' ಎಂಬ ಪ್ರತ್ಯಯ ಸೌಮ್ಯ ಸ್ವಭಾವದ್ದು. ಮನೆಗೆ ಬಂದ ಅತಿಥಿಯಂತೆ ಕೊನೆಯಲ್ಲಿ ಕುಳಿತುಕೊಳ್ಳುತ್ತದೆ, ಯಾರನ್ನೂ ಎಬ್ಬಿಸುವುದಿಲ್ಲ. ಹ್ಯಾಪಿ ಎಂಬುದು ಹ್ಯಾಪಿಲಿ ಆದರೂ ಆಘಾತ 'ಹ್ಯಾ' ಎಂಬುದರ ಮೇಲೆಯೇ. 'ಇಕ್' ಹಾಗಲ್ಲ, ಬಂದೊಡನೆ ಆಘಾತವನ್ನು ತನ್ನ ಪಕ್ಕಕ್ಕೆ ಎಳೆದುಕೊಳ್ಳುತ್ತದೆ.

ಫೋಟೋಗ್ರಾಫ್ ಎಂಬ ಪದದ ಬಳಗದಲ್ಲಿ ಈ ಎಳೆದಾಟ ಚೆನ್ನಾಗಿ ಕಾಣುತ್ತದೆ. ಫೋಟೋಗ್ರಾಫ್ ಎಂಬಲ್ಲಿ ಆಘಾತ ಮೊದಲನೆಯ ಉಚ್ಚಾರಾಂಶದ ಮೇಲಿದೆ. ಚಿತ್ರ ತೆಗೆಯುವವನಾದ ಫೋಟೋಗ್ರಾಫರ್ ಎಂಬಲ್ಲಿ ಅದು ಎರಡನೆಯದಕ್ಕೆ ಸರಿಯುತ್ತದೆ. ಫೋಟೋಗ್ರಾಫಿಕ್ ಎಂಬಲ್ಲಿ ಮೂರನೆಯದಕ್ಕೆ ಸರಿಯುತ್ತದೆ. ಆಘಾತ ಸರಿದ ಹಾಗೆ ಸ್ವರಗಳ ಬಣ್ಣವೂ ಬದಲಾಗುತ್ತದೆ. ಮೊದಲ ಪದದಲ್ಲಿ ತುಂಬಿದ 'ಫೋ' ಎಂದು ಕೇಳಿಸುವುದು ಎರಡನೆಯ ಪದದಲ್ಲಿ ಬಡವಾಗಿ 'ಫ' ಎಂದಷ್ಟೇ ಕೇಳಿಸುತ್ತದೆ. ಕನ್ನಡದ ಪ್ರಕೃತಿ ಹೀಗೆ ಮಾಡುವುದಿಲ್ಲ. ಮರ, ಮರದ, ಮರದಿಂದ, ಮರಗಳಿಗೆ ಎಂದು ಏನೇ ಪ್ರತ್ಯಯ ಹತ್ತಿದರೂ 'ಮರ' ಎಂಬುದು ಬೇರೂರಿದ ಮರದಂತೆಯೇ ನಿಂತಿರುತ್ತದೆ.

ಆಘಾತವಿಲ್ಲದ ಸ್ವರಗಳು ಬಡವಾಗುವುದು ಇಂಗ್ಲಿಷಿನ ಮುಖ್ಯ ಲಕ್ಷಣ. ಅಕಾರವೂ ಅಲ್ಲದ, ಎಕಾರವೂ ಅಲ್ಲದ, ಬಾಯಿಯನ್ನು ಸಡಿಲವಾಗಿ ಬಿಟ್ಟು ನುಡಿಯುವ ಮಂಕಾದ ಸ್ವರವೊಂದು ಆ ಭಾಷೆಯಲ್ಲಿದೆ. ಅತಿ ಹೆಚ್ಚಾಗಿ ಬಳಕೆಯಾಗುವ ಸ್ವರವೂ ಅದೇ. ಆದರೂ ಅದಕ್ಕೆ ತನ್ನದೆಂಬ ಒಂದು ಲಿಪಿಚಿಹ್ನೆ ಇಲ್ಲ. ಎ, ಇ, ಓ, ಯು ಮುಂತಾದ ಎಲ್ಲ ಸ್ವರಾಕ್ಷರಗಳ ಮುಸುಕಿನಲ್ಲಿಯೂ ಅದು ಅಡಗಿರಬಲ್ಲದು. ಬರೆದುದೆಲ್ಲವನ್ನೂ ನುಡಿಯಬೇಕೆಂಬ ಕನ್ನಡದ ಪ್ರಾಮಾಣಿಕ ನಿಯಮವನ್ನು ಕಲಿತ ವಿದ್ಯಾರ್ಥಿಗೆ ಇದು ಅನ್ಯಾಯವೆಂದೇ ತೋರಬಹುದು.

ಆದರೆ ಸ್ವಲ್ಪ ಕಿವಿಗೊಟ್ಟರೆ, ಇಂಥದೇ ಸ್ವರಲೋಪವು ಆತನ ಮನೆಯ ಮಾತಿನಲ್ಲಿಯೇ ನಡೆಯುತ್ತಿರುವುದು ತಿಳಿಯುತ್ತದೆ. ಪುಸ್ತಕದ 'ಬರುತ್ತಾನೆ' ಎಂಬುದು ಬೆಳಗಾವಿಯ ಕಡೆಯ ಮಾತಿನಲ್ಲಿ 'ಬರ್ತಾನ' ಎಂದಾಗುತ್ತದೆ. 'ಹೋಗುತ್ತೇನೆ' ಎಂಬುದು 'ಹೋಗ್ತೇನಿ', 'ಕುದುರೆ' ಎಂಬುದು 'ಕುದ್ರಿ', 'ಹುಡುಗಿ' ಎಂಬುದು 'ಹುಡ್ಗಿ' ಎಂದಾಗುತ್ತವೆ. ಎಲ್ಲ ಕಡೆಯೂ ಮೊದಲ ಉಚ್ಚಾರಾಂಶ ಗಟ್ಟಿಯಾಗಿ ಉಳಿದಿದೆ. ಅದರ ಮುಂದಿನ ಹ್ರಸ್ವ ಸ್ವರ ಸವೆದು ಹೋಗಿದೆ. ಮೂಡಲಗಿಯ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವಾಗ ಲಕಾರದ ಮೇಲಿನ ಅಕಾರವು ಎಷ್ಟೋ ಸಲ ಬಿದ್ದುಹೋಗಿ 'ಮೂಡಲ್ಗಿ' ಎಂದಾಗುತ್ತದೆ. ನಾಲ್ಕು ಉಚ್ಚಾರಾಂಶಗಳ ಊರು ಹೀಗೆ ಮೂರು ಉಚ್ಚಾರಾಂಶಗಳದಾಗುತ್ತದೆ. 'ಟಿಕಲ್ಲಿ' ಎಂದು ಬರೆದದ್ದು 'ಟಿಕ್ಲಿ' ಎಂದಾಗುವುದಕ್ಕೂ ಇದಕ್ಕೂ ಹೋಲಿಕೆಯಿದೆ.

ಈ ಆಡುಮಾತು ಹಗುರವಾದುದಲ್ಲ. ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ 1900ರಲ್ಲಿ ಹುಟ್ಟಿದ ಆನಂದಕಂದರು, ಹುಕ್ಕೇರಿ ತಾಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ತಮ್ಮ ಸಾಹಿತ್ಯಕ್ಕೆ ಈ ನಾಡಿನ ನುಡಿಯ ಕಸುವನ್ನು ತುಂಬಿಕೊಟ್ಟರು. ಕಂಬಾರರಿಗೆ 2010ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿಯೂ ಸಂದಿತು. ಸ್ವರ ನುಂಗುವ ಈ ನಾಲಗೆ ಅಶುದ್ಧವಲ್ಲ; ಅದು ತನ್ನದೇ ಲಯದಲ್ಲಿ ನಡೆಯುವ ನಾಲಗೆ.

ಕನ್ನಡದ ನಾಲಗೆಯು ಇಂಗ್ಲಿಷ್ ಪದವನ್ನು ತನ್ನ ಲಯಕ್ಕೆ ಒಗ್ಗಿಸಿಕೊಳ್ಳುವುದೂ ಉಂಟು. ಗೋಕಾಕ ಎಂಬುದು ಕನ್ನಡದಲ್ಲಿ ಅಕಾರಾಂತ. ಇಂಗ್ಲಿಷಿನಲ್ಲಿ ಅದು 'ಗೋಕಾಕ್' ಎಂದು ವ್ಯಂಜನದಲ್ಲಿ ನಿಲ್ಲುತ್ತದೆ. ಇದಕ್ಕೆ ವಿರುದ್ಧವಾಗಿ, ಇಂಗ್ಲಿಷಿನಲ್ಲಿ ವ್ಯಂಜನದಲ್ಲಿ ನಿಲ್ಲುವ ಪದಕ್ಕೆ ಕನ್ನಡವು ಕೊನೆಯಲ್ಲೊಂದು ಸ್ವರವನ್ನು ದಾನಮಾಡುತ್ತದೆ. ಬಸ್ ಎಂಬುದು ಬಸ್ಸು, ಬ್ಯಾಂಕ್ ಎಂಬುದು ಬ್ಯಾಂಕು. 1880ರ ದಶಕದಲ್ಲಿ ಗೋಕಾಕ ಜಲಪಾತದ ಬಳಿ ಹತ್ತಿಯ ಮಿಲ್ ಸ್ಥಾಪನೆಯಾಯಿತು. ಜನರ ಬಾಯಲ್ಲಿ ಅದು ಮಿಲ್ಲು. ಒಂದು ಉಚ್ಚಾರಾಂಶವಿದ್ದಲ್ಲಿ ಎರಡಾದವು, ಒಂದೇ ಲಕಾರದ ಸದ್ದು ಇದ್ದಲ್ಲಿ ದ್ವಿತ್ವವಾಯಿತು. ಕನ್ನಡದೊಳಗೆ ಬಂದ ಪದ ಕನ್ನಡದ ಕಾನೂನಿಗೆ ತಲೆಬಾಗುವುದು ನ್ಯಾಯವೇ. ಹಾಗೆಯೇ ಇಂಗ್ಲಿಷ್ ಆಡುವಾಗ ಅದರ ಕಾನೂನನ್ನು ಅರಿತಿರುವುದೂ ನ್ಯಾಯ.

ಅರಿಯದಿದ್ದರೆ ಆಗುವ ನಷ್ಟವೇನು? ರೆಕಾರ್ಡ್ ಎಂಬ ಪದದ ಮೊದಲ ಉಚ್ಚಾರಾಂಶಕ್ಕೆ ಆಘಾತ ಕೊಟ್ಟರೆ ಅದು 'ದಾಖಲೆ' ಎಂಬ ನಾಮಪದ. ಎರಡನೆಯದಕ್ಕೆ ಕೊಟ್ಟರೆ 'ದಾಖಲಿಸು' ಎಂಬ ಕ್ರಿಯಾಪದ. ಕನ್ನಡದಲ್ಲಿ ಕಾಲವು ಮಾಡುವ ಕೆಲಸವನ್ನು ಇಲ್ಲಿ ಬಲವು ಮಾಡುತ್ತಿದೆ. ಇಂಗ್ಲಿಷನ್ನು ತಾಯಿನುಡಿಯಾಗಿ ಉಳ್ಳವರ ಕಿವಿ ಪದದ ಶಿಖರವನ್ನು ಹಿಡಿದು ಪದವನ್ನು ಗುರುತಿಸುತ್ತದೆ. ಎಲ್ಲ ತುಂಡುಗಳನ್ನೂ ಸಮನಾಗಿ ನುಡಿದರೆ ಆ ಕಿವಿಗೆ ಶಿಖರ ಸಿಗದೆ ತಡಕಾಡುತ್ತದೆ. ಕನ್ನಡಿಗರಾಗಲಿ ಇತರ ಭಾರತೀಯರಾಗಲಿ ಆಡುವ ಇಂಗ್ಲಿಷಿಗೆ ತನ್ನದೇ ಲಯವುಂಟು. ಅದನ್ನು ದೋಷವೆಂದು ಹಳಿಯಬೇಕಾಗಿಲ್ಲ. ಆದರೂ ಶಿಖರವೊಂದನ್ನು ಸರಿಯಾದ ಸ್ಥಳದಲ್ಲಿ ಇರಿಸಿದರೆ, ಉಳಿದ ಧ್ವನಿಗಳು ಊರಿನ ಸೊಗಡಿನಲ್ಲಿಯೇ ಇದ್ದರೂ ಮಾತು ಕೇಳುವವನನ್ನು ಮುಟ್ಟುತ್ತದೆ.

ಇಂಗ್ಲಿಷಿನಲ್ಲಿ ಒಂದು ಆಘಾತದಿಂದ ಇನ್ನೊಂದು ಆಘಾತಕ್ಕೆ ಹಿಡಿಯುವ ಕಾಲ ಸಮಾನವೆಂದು ಹಿಂದೆ ಹೇಳುತ್ತಿದ್ದರು. ಉಪಕರಣಗಳಿಂದ ಅಳೆದು ನೋಡಿದಾಗ ಅದು ಪೂರ್ತಿಯಾಗಿ ನಿಜವಲ್ಲವೆಂದು ಕಂಡುಬಂದಿದೆ. ಆದರೆ ಇಂಗ್ಲಿಷ್ ಪದ್ಯವು ಆಘಾತಗಳ ಎಣಿಕೆಯ ಮೇಲೆ ನಡೆಯುತ್ತದೆ, ಕನ್ನಡ ಪದ್ಯವು ಅಕ್ಷರ ಮಾತ್ರೆಗಳ ಲೆಕ್ಕದ ಮೇಲೆ ನಡೆಯುತ್ತದೆ ಎಂಬುದರಲ್ಲಿ ಸಂದೇಹವಿಲ್ಲ. 1920ರ ದಶಕದಲ್ಲಿ ಬಿ. ಎಂ. ಶ್ರೀಕಂಠಯ್ಯನವರು 'ಇಂಗ್ಲಿಷ್ ಗೀತಗಳು' ಕೃತಿಗಾಗಿ ಆಂಗ್ಲ ಕವನಗಳನ್ನು ಕನ್ನಡಕ್ಕೆ ತಂದಾಗ ಆಘಾತಗಳನ್ನು ಹಾಗೆಯೇ ಹೊತ್ತು ತರಲಿಲ್ಲ. ಅವುಗಳ ಲಯಕ್ಕೆ ಹೊಂದುವ ಮಾತ್ರಾಗಣಗಳ ಹೊಸ ಏರ್ಪಾಡುಗಳನ್ನು ಹುಡುಕಿದರು. ಎರಡು ಅಳತೆಗೋಲುಗಳನ್ನೂ ಬಲ್ಲವರಾಗಿದ್ದುದರಿಂದಲೇ ಆ ಕೆಲಸ ಅವರಿಗೆ ಸಾಧ್ಯವಾಯಿತು.

ವಿದ್ಯಾರ್ಥಿಯಾದವನು ಉದ್ದವಾದ ಕ್ರಿಯಾವಿಶೇಷಣವನ್ನು ಕಂಡಾಗ ಮೂರು ಕೆಲಸಗಳನ್ನು ಕ್ರಮವಾಗಿ ಮಾಡಬಹುದು. ಮೊದಲು ಕೊನೆಯ 'ಲಿ'ಯನ್ನು ಬೆರಳಿನಿಂದ ಮುಚ್ಚಿ, ಒಳಗಿರುವ ಗುಣವಾಚಕವನ್ನು ಗುರುತಿಸಬೇಕು. ಎರಡನೆಯದಾಗಿ, ಅದನ್ನು ಕಿವಿಯ ಸಹಾಯದಿಂದ ಉಚ್ಚಾರಾಂಶಗಳಾಗಿ ಒಡೆದು, ನಿಘಂಟಿನ ನೆರವಿನಿಂದ ಶಿಖರವನ್ನು ಕಂಡುಕೊಳ್ಳಬೇಕು. ಮೂರನೆಯದಾಗಿ, ಶಿಖರವನ್ನು ಧೈರ್ಯದಿಂದ ಎತ್ತಿ ನುಡಿದು, ಉಳಿದವನ್ನು ಹಗುರವಾಗಿ ಬಿಟ್ಟು, 'ಲಿ'ಯನ್ನು ಸೇರಿಸಬೇಕು. ಈ ಕ್ರಮ ಬಹುಪಾಲು ಪದಗಳಿಗೆ ಸಲ್ಲುತ್ತದೆ. 'ಅವಶ್ಯವಾಗಿ' ಎಂಬ ಅರ್ಥದ ನೆಸೆಸರಿಲಿ ಎಂಬಂಥ ಕೆಲವು ಪದಗಳಲ್ಲಿ ಮಾತ್ರ ತೊಡಕಿದೆ. ನೆಸೆಸರಿ ಎಂಬುದರ ಆಘಾತ ಮೊದಲನೆಯದರ ಮೇಲಿದ್ದರೂ, ನೆಸೆಸರಿಲಿ ಎಂಬಲ್ಲಿ ಅದನ್ನು ಮೂರನೆಯದರ ಮೇಲೆ ಇಡುವವರೇ ಇಂದು ಹೆಚ್ಚು. ಮೊದಲನೆಯದರ ಮೇಲೆಯೇ ಉಳಿಸಿಕೊಂಡವರೂ ಇದ್ದಾರೆ. ಆ ಭಾಷೆಯನ್ನು ಹುಟ್ಟಿನಿಂದ ಆಡುವವರೇ ಒಮ್ಮತಕ್ಕೆ ಬಾರದ ಇಂಥ ಸ್ಥಳಗಳಲ್ಲಿ ಕಲಿಯುವವನು ತಡವರಿಸಿದರೆ ನಾಚಬೇಕಾದುದೇನೂ ಇಲ್ಲ.

ಗೋಕಾಕ ಎಂಬ ಊರಿನ ಹೆಸರನ್ನೇ ಮನೆತನದ ಹೆಸರಾಗಿ ಉಳ್ಳ ವಿನಾಯಕ ಕೃಷ್ಣ ಗೋಕಾಕರು 1909ರಲ್ಲಿ ಸವಣೂರಿನಲ್ಲಿ ಹುಟ್ಟಿದರು. ಇಂಗ್ಲಿಷ್ ಅಧ್ಯಾಪಕರ ತರಬೇತಿಗಾಗಿ 1958ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಕೇಂದ್ರೀಯ ಇಂಗ್ಲಿಷ್ ಸಂಸ್ಥೆಗೆ ಅವರು ನಿರ್ದೇಶಕರಾಗಿದ್ದರು. 1980ರಲ್ಲಿ ರಚಿತವಾದ ಭಾಷಾ ಸಮಿತಿಯ ಅಧ್ಯಕ್ಷರಾಗಿ, ಕರ್ನಾಟಕದ ಪ್ರೌಢಶಾಲೆಗಳಲ್ಲಿ ಕನ್ನಡವೇ ಪ್ರಥಮ ಭಾಷೆಯಾಗಬೇಕೆಂದು ಶಿಫಾರಸು ಮಾಡಿದವರೂ ಅವರೇ. ಒಂದು ನುಡಿಯ ಆಘಾತವನ್ನು ಬೋಧಿಸುವುದಕ್ಕೂ ಇನ್ನೊಂದು ನುಡಿಯ ಮಾತ್ರೆಯನ್ನು ಎದೆಯಲ್ಲಿಟ್ಟುಕೊಳ್ಳುವುದಕ್ಕೂ ಅವರಲ್ಲಿ ಜಗಳವಿರಲಿಲ್ಲ.

ಐದೈದು ಮಾತ್ರೆಗಳ ಊರುಗಳಲ್ಲಿ ಬೆಳೆದ ಕಿವಿಗೆ ಕಾಲದ ಸೂಕ್ಷ್ಮ ಆಗಲೇ ಗೊತ್ತಿದೆ. ಹಳಿಗೂ ಹಳ್ಳಿಗೂ ಇರುವ ಕೂದಲೆಳೆಯ ಅಂತರವನ್ನು ಅದು ತಪ್ಪದೆ ಹಿಡಿಯುತ್ತದೆ. ಅಂಥ ಕಿವಿಗೆ ಬಲದ ಸೂಕ್ಷ್ಮವನ್ನು ಕಲಿಯುವುದು ಹೊಸ ಕಿವಿಯನ್ನು ಪಡೆಯುವ ಕೆಲಸವಲ್ಲ. ಇರುವ ಕಿವಿಯನ್ನೇ ಇನ್ನೊಂದು ದಿಕ್ಕಿಗೆ ತಿರುಗಿಸುವ ಕೆಲಸ.